ಗುಡ್ಡದ ಮೇಲೊಂದು ಹಡಗು – ಏಳನೆಯ ಕಂತು: ಹಣೆಯ ಮೇಲೆ ಎರಡು ಗೆರೆ

"ನೂಕ್ಬ್ಯಾಡಿ ಏಟ್ಟಮ್ಮ. ನೂಕಿದ್ರೆ ಹತ್ತಂಗಿದ್ರೆ ನಾನ್ಯಾಕ್ ಇಷ್ಟು ಪಾಡು ಪಡ್ತಿದ್ದೆ?"

ಬೀರಮ್ಮ ಹೀಗೆಂದ ಕೂಡಲೇ ಮಂಗಳಮ್ಮ ಟಗರಿನ ಬೆನ್ನ ಮೇಲಿಟ್ಟಿದ್ದ ಕೈಯನ್ನು ಹಿಂದಕ್ಕೆ ತೆಗೆದಳು. ತೆಗೆದದ್ದರಲ್ಲಿ ಒಳಗೊಳಗೇ ಖುಷಿಯೂ ಇತ್ತು. ಪೊಲೀಸಿನಲ್ಲಿ ಹೆಡ್ ಕಾನ್‌ಸ್ಟೇಬಲ್ ಅಂದರೆ ತಮಿಳಿನ 'ಏಟ್ಟು' ಆಗಿದ್ದು ನಿವೃತ್ತಳಾದರೂ ತಾಳವಾಡಿ ಸುತ್ತಿನವರ ಬಾಯಲ್ಲಿ ಇನ್ನೂ 'ಏಟ್ಟಮ್ಮ'ನಾಗಿಯೇ ಉಳಿದಿದ್ದ ಅವಳು ಕುಡುಕರಿಗೆ ಹೆದರಿದವಳಲ್ಲ, ಆನೆ ಅಡ್ಡ ಬಂದ ದಾರಿಗೂ ಹೆದರಿದವಳಲ್ಲ. ಕೊಂಬಿರುವ ಟಗರನ್ನು ಕಂಡರೆ ಮಾತ್ರ ಅವಳ ಕಾಲು ತಾನಾಗಿ ಹಿಂದೆ ಸರಿಯುತ್ತಿತ್ತು. ಇದು ಯಾರಿಗೂ ಗೊತ್ತಿಲ್ಲ ಎಂದು ಅವಳು ನಂಬಿದ್ದಳು. ಎಲ್ಲರಿಗೂ ಗೊತ್ತಿತ್ತು.

ಟಗರು ಹಲಗೆಯ ಬುಡದಲ್ಲಿ ನಾಲ್ಕೂ ಕಾಲೂರಿ ನಿಂತಿತ್ತು. ಮೇಲೆ ಹಡಗು ಕಾಯುತ್ತಿತ್ತು.

ಹಡಗೆಂದರೆ ನಿಜವಾದ ಹಡಗಲ್ಲ. ಪಣಕಹಳ್ಳಿಯ ಶಿವಮಲ್ಲಪ್ಪನ ಹೊಲದ ಅಂಚಿನಲ್ಲಿ ನೀಲಗಿರಿ ಮರದ ಕಂಬ ನೆಟ್ಟು ಕಟ್ಟಿದ ಒಂದು ಎತ್ತರದ ಅಟ್ಟ, ಅದಕ್ಕೆ ಹತ್ತಲು ಉದ್ದನೆಯ ಹಲಗೆದಾರಿ. ಸಮುದ್ರ ಇಲ್ಲಿಂದ ಒಂದು ಹಗಲಿನ ದಾರಿ. ಆದರೂ ಊರಿನವರು ಅದನ್ನು ಹಡಗೆಂದೇ ಕರೆದರು. ಭಾನುವಾರವಾದರೆ ತಾಳವಾಡಿಯ ಹುಡುಗರು ಬೈಕಿನಲ್ಲಿ ಬಂದು ಅದರ ಮೇಲೆ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು.

ಕಟ್ಟಿಸಿದವಳು ಬೀರಮ್ಮ. ಅವಳ ಹೆಂಗಸರ ಸಂಘದ ಕುರಿಗಳು ತೂತುಕುಡಿಯಿಂದ ಹಡಗು ಹತ್ತಿ ಒಂದು ದ್ವೀಪಕ್ಕೆ ಹೋಗಬೇಕಿತ್ತು, ಅಲ್ಲಿ ಸಾಕುವುದಕ್ಕೆ. ಬಂದರಿನಲ್ಲಿ ಕೂಲಿ ಮಾಡುವ ಅವಳ ತಮ್ಮ ಜಡೆಸ್ವಾಮಿ ಒಂದು ದಿನ ಫೋನಿನಲ್ಲಿ ಒಂದು ವಿಡಿಯೋ ಕಳಿಸಿದ್ದ. ಕುರಿಗಳ ಕಾಲು ಕಟ್ಟಿ, ಕೊಂಡಿಗೆ ಸಿಕ್ಕಿಸಿ, ತಲೆಕೆಳಗಾಗಿ ಹಡಗಿಗೆ ಏರಿಸುತ್ತಿದ್ದರು. ಕೊಂಡಿಯನ್ನು ಒಬ್ಬ ಹಿಡಿದುಕೊಂಡಿದ್ದ. ಒಂದು ಕುರಿಯ ಕಾಲು ಮುರಿದದ್ದು ಕಾಣುತ್ತಿತ್ತು. ಆ ರಾತ್ರಿ ಬೀರಮ್ಮ ಊಟ ಮಾಡಲಿಲ್ಲ. ಬೆಳಗಾದಾಗ, ತನ್ನ ಕುರಿ ನಡೆದೇ ಹತ್ತುತ್ತದೆ, ಇಲ್ಲವಾದರೆ ಹೋಗುವುದೇ ಬೇಡ ಎಂದು ಪಟ್ಟು ಹಿಡಿದಳು.

ಅಲ್ಲಿಂದ, ಕುರಿಗಳಿಗೆ ಹಡಗು ಹತ್ತುವುದನ್ನು ಊರಿನಲ್ಲೇ ಕಲಿಸಲು ಈ ಹಲಗೆದಾರಿ ಬಂತು. ಕಾಲು ಜಾರದಂತೆ ಅಡ್ಡಪಟ್ಟಿ, ಅದರ ಮೇಲೆ ಗೋಣಿತಾಟು, ಬಂದರಿನಲ್ಲಿ ಕೆಳಗಿನ ನೀರು ಕಂಡು ಬೆದರದಂತೆ ಎರಡೂ ಬದಿಗೆ ಮರೆ. ಮುಂದೆ ನಡೆಯುವುದಕ್ಕೆ ದೊರೆ ಎಂಬ ಟಗರು. ಬೀರಮ್ಮ ನಾಲಿಗೆಯಲ್ಲಿ 'ಟ್ಲಕ್ ಟ್ಲಕ್' ಎಂದರೆ ಸಾಕು, ಆ ಟಗರು ನೆಟ್ಟಗೆ ಹಲಗೆ ಹತ್ತುತ್ತಿತ್ತು. ಹಿಂಡು ಅದರ ಹಿಂದೆ. ಮೇಲೆ ಒಂದು ಚೂರು ಬೆಲ್ಲ ತಿಂದು ದೊರೆ ಮಾತ್ರ ತಿರುಗಿ ಇಳಿದುಬರುತ್ತಿತ್ತು. ಅದು ಹಡಗಿನ ಬಾಯಿಯವರೆಗಿನ ಗಿರಾಕಿ, ಮುಂದಕ್ಕಲ್ಲ.

ನಿನ್ನೆ ಬೆಳಗಿನಿಂದ ದೊರೆ ಹಲಗೆಗೆ ಕಾಲಿಟ್ಟಿರಲಿಲ್ಲ. ನಾಳೆ ದ್ವೀಪದವರ ಕಡೆಯ ಇನ್‌ಸ್ಪೆಕ್ಟರು ನೋಡಲು ಬರುವವನಿದ್ದ. ಅವನ ಕಣ್ಣೆದುರು ಕುರಿ ನಡೆಯದಿದ್ದರೆ ಹತ್ತಿಸುವ ಕೆಲಸ ಬಯಲುಸೀಮೆಯ ಒಬ್ಬ ಕಂಟ್ರಾಕ್ಟರನ ಪಾಲು. ಅವನ ಬಳಿ ಇದ್ದದ್ದು ಹಗ್ಗ ಮತ್ತು ಕೊಂಡಿ. ಕುರಿಗಳು ಹೇಗೂ ಹೋಗುತ್ತವೆ. ನಡೆದು ಹೋಗುತ್ತವೋ ನೇತಾಡಿಕೊಂಡು ಹೋಗುತ್ತವೋ ಎನ್ನುವುದಷ್ಟೇ ಉಳಿದಿತ್ತು.

"ನಾ ಯೋಳ್ತಾನೇ ಇವ್ನಿ, ಯಾರೂ ನಂಬ್ತಿಲ್ಲ," ಎಂದಳು ಬೀರಮ್ಮ. "ದೃಷ್ಟಿ ಆಗದೆ ಅಂತರೆ, ಜ್ವರ ಬಂದದೆ ಅಂತರೆ. ಇದು ನಮ್ ದೊರೆಯೇ ಅಲ್ಲ ಕಣಕ್ಕ. ಬಣ್ಣ ಅದೇ, ಕೊಂಬೂ ಅದೇ. ಆದ್ರೆ ನನ್ ದನಿ ಕೇಳಿದ್ರೆ ಕಿವಿ ಅಳ್ಳಾಡ್ಸಲ್ಲ."

"ನಾನು ನಂಬ್ತೀನಿ," ಎಂದಳು ಮಂಗಳಮ್ಮ.

ಹಾಗೆಂದಮೇಲೆ ಹತ್ತಿರ ಹೋಗಿ ನೋಡದೆ ವಿಧಿಯಿರಲಿಲ್ಲ. ಉಸಿರು ಬಿಗಿಹಿಡಿದು ಅವಳು ಟಗರಿನ ಮುಖಕ್ಕೆ ಮುಖ ತಂದಳು. ಕರಿಯ ಹಣೆ. ಆ ಕರಿ ಕೂದಲಿನ ನಡುವೆ ಮಸುಕಾಗಿ ಒಂದು ಬಿಳಿ ಗೆರೆ ಅಡ್ಡಕ್ಕೆ ಹೋಗಿತ್ತು. ಅದರ ಕೆಳಗೆ ಇನ್ನೊಂದು.

ಬೆರಳಿನಿಂದ ಒರೆಸಿ ಮೂಸಿ ನೋಡಿದಳು. "ಬೀರಮ್ಮ, ನಿಮ್ಮನೇಲಿ ಕುರಿಗೆ ವಿಭೂತಿ ಹಚ್ತೀರಾ?"

"ನಮ್ಮನೇಲಿ ಅರಿಶಿನ ಕುಂಕುಮ. ಅದೂ ಹಬ್ಬದಲ್ಲಿ."

"ಹಂಗಾದ್ರೆ ಹಚ್ಚಿದ್ಯಾರು?"

ಇಬ್ಬರೂ ಒಟ್ಟಿಗೇ ಹೊಲದಾಚೆಯ ಹೆಂಚಿನ ಮನೆಯತ್ತ ನೋಡಿದರು. ಶಿವಮಲ್ಲಪ್ಪನ ಮನೆಯ ಪದ್ಧತಿ ಊರಿಗೆಲ್ಲ ಗೊತ್ತಿದ್ದದ್ದೇ. ಹಸುವೋ ಕರುವೋ ಕುರಿಯೋ, ಯಾವುದೇ ಮೂಕಪ್ರಾಣಿ ಅವರ ಕೊಟ್ಟಿಗೆಯಿಂದ ಹೊರಗೆ ಹೊರಡುವಾಗ ಹಣೆಗೆ ವಿಭೂತಿ ಹಚ್ಚದೆ ಹಗ್ಗ ಹಿಡಿಯುತ್ತಿರಲಿಲ್ಲ. ಕೈ ತಾನಾಗಿಯೇ ಗೂಡಿನಲ್ಲಿದ್ದ ವಿಭೂತಿಗೆ ಹೋಗುತ್ತಿತ್ತು. ಕಳ್ಳತನಕ್ಕೆ ಹೊರಟಾಗಲೂ ಹೋಗಿರಬೇಕು ಎಂದುಕೊಂಡು ಮಂಗಳಮ್ಮನಿಗೆ ನಗು ಬಂತು.

ಆದರೆ ವಿಭೂತಿ ಅಂದರೆ ಮೂರು ಬೆರಳು, ಮೂರು ಗೆರೆ. ಇಲ್ಲಿದ್ದವು ಎರಡು. ಅವೂ ಪಕ್ಕಪಕ್ಕದಲ್ಲಿಲ್ಲ; ಮಧ್ಯೆ ಒಂದು ಬೆರಳು ಅಗಲದ ಕಪ್ಪು ಹಾಗೇ ಉಳಿದಿತ್ತು. ಅಳಿಸಿಹೋದದ್ದಲ್ಲ, ಹಚ್ಚದೇ ಇದ್ದದ್ದು.

ಅಷ್ಟರಲ್ಲಿ ಬೀರಮ್ಮನ ಫೋನು ಹೊಡೆದುಕೊಂಡಿತು. ಜಡೆಸ್ವಾಮಿ.

"ಅಕ್ಕೋ, ಹಡಗು ಬಂದು ನಿಂತದೆ. ನಿಮ್ ಕುರಿಗೊಳ್ಗೇ ಕಾಯ್ತಾ ಅದೆ. ದೊರೆ ಹತ್ತಿದ್ನಾ?"

ಬೀರಮ್ಮ ಸ್ಪೀಕರಿಗೆ ಹಾಕಿದಳು. ತಮ್ಮನ ಮಾತಿನ ಹಿಂದೆ ಗಾಳಿ, ಆ ಗಾಳಿಯೊಳಗೆ ಉದ್ದನೆಯ ಒಂದು ಕೂಗು: ಪೋಂ... ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪೋಂ...

"ಅದೇನಪ್ಪ ಸದ್ದು?" ಎಂದು ಮಂಗಳಮ್ಮ ಕೇಳಿದಳು.

"ಹಡಗು ಕಣ ಏಟ್ಟಮ್ಮ. ಅದು ಕೂಗೋದೇ ಅಂಗೆ."

ಸಮುದ್ರವನ್ನು ಒಮ್ಮೆಯೂ ಕಣ್ಣಿಂದ ಕಾಣದ ಮಂಗಳಮ್ಮ ಆ ಸದ್ದನ್ನು ಕಿವಿಗೊಟ್ಟು ಕೇಳಿದಳು. ಎಷ್ಟು ದೊಡ್ಡದಿರಬಹುದು ಅದು ಎಂದು ಯೋಚಿಸಿದಳು. ಫೋನು ಆರಿದ ಮೇಲೂ ಅವಳ ಮುಖದಲ್ಲಿ ಒಂದು ಬಗೆಯ ಸಂತೋಷವಿತ್ತು.

"ಬಾ ಬೀರಮ್ಮ," ಎಂದಳು. "ಶಿವಮಲ್ಲಪ್ನೋರ ಮನೇಲಿ ಇವತ್ತು ಬಂಗಾರಕ್ಕ ಎಲ್ಲಾರ್ಗೂ ಊಟ ಹಾಕ್ತಾರೆ ಅಂದ್ಯಲ್ಲ. ದೊಡ್ಡಿ ಕಾಯೋ ಹೆಂಗಸ್ರನ್ನೂ ಕರ್ಕೊ. ಒಬ್ಬರೂ ತಪ್ಪುಸ್ಕೊಬಾರ್ದು. ಈ ಟಗರು ಸಾಹೇಬ್ರನ್ನೂ ಹಿಡ್ಕೊಂಡ್ ಬಾ."

"ಕುರಿಗೊಳು?"

"ದೊಡ್ಡಿ ಬಾಗ್ಲು ಹಾಕ್ಕೊಂಡ್ ಬನ್ನಿ. ಮಟಮಟ ಮಧ್ಯಾಹ್ನ ಎಲ್ಲಿಗೋಗ್ತವೆ?"

ರಾಗಿಮುದ್ದೆ, ಅವರೆಕಾಳು ಸಾರು. ಮಂಗಳಮ್ಮ ವಿಚಾರಣೆಯನ್ನು ಯಾವತ್ತೂ ಹೊಟ್ಟೆ ಹಸಿದುಕೊಂಡು ಮಾಡಿದವಳಲ್ಲ. ಎರಡನೆಯ ಮುದ್ದೆಯನ್ನು ಬೇಡ ಬೇಡ ಎನ್ನುತ್ತಲೇ ಮುಗಿಸಿ, ಕೈ ತೊಳೆದು ಜಗುಲಿಯ ಕಂಬಕ್ಕೆ ಒರಗಿ ಕೂತಳು. ಅಂಗಳದಲ್ಲಿ ಸಂಘದ ಹೆಂಗಸರು. ಮಧ್ಯದಲ್ಲಿ ಕಟ್ಟಿಹಾಕಿದ್ದ ಸುಳ್ಳು ದೊರೆ ಬಂಗಾರಮ್ಮನ ಹೂವಿನ ಗಿಡದ ಕಡೆ ಕಣ್ಣು ಹಾಕಿತ್ತು.

ಅವಳ ಅನುಮಾನ ಈ ಮನೆಯ ಮೂವರ ಮೇಲಿತ್ತು. ಶಿವಮಲ್ಲಪ್ಪನಿಗೆ ಮಳೆಗೆ ಮುಂಚೆ ಹೊಲ ತೆರವಾಗಬೇಕಿತ್ತು, ಅರಿಶಿನ ಹಾಕುವುದಕ್ಕೆ. ಹಡಗು ಹಾಳಾದರೆ ಹೊಲ ಅವನದು. ಅವನ ಹೆಂಡತಿ ಬಂಗಾರಮ್ಮ, ಕುರಿಗಳು ಸಮುದ್ರ ದಾಟುತ್ತವೆ ಎಂದು ಕೇಳಿದ ದಿನದಿಂದ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಮಗ ಚನ್ನಬಸವನಿಗೆ ಮಾತ್ರ ಯಾವ ಕಾರಣವೂ ಕಾಣುತ್ತಿರಲಿಲ್ಲ. ಹಲಗೆದಾರಿಗೆ ಮೊಳೆ ಹೊಡೆದವನೇ ಅವನು. ದೊರೆಗೆ ದಿನಾ ಬೆಲ್ಲ ತಿನ್ನಿಸುತ್ತಿದ್ದವನೂ ಅವನೇ.

"ಶಿವಮಲ್ಲಪ್ನೋರೆ," ಎಂದಳು ಮಂಗಳಮ್ಮ, "ನಾಳೆ ದೊಡ್ಡ ಕೆಲ್ಸ. ಈ ಟಗರಿಗೆ ನಿಮ್ ಕೈಯಾರ ವಿಭೂತಿ ಹಚ್ಚಿ ಒಳ್ಳೇದಾಗ್ಲಿ ಅನ್ನಿ. ಮನೆಯವ್ರೆಲ್ಲ ಹಚ್ಚಿ."

"ಅದ್ಕೇನಂತೆ," ಎಂದು ಶಿವಮಲ್ಲಪ್ಪ ಎದ್ದು ಮೂರು ಬೆರಳಲ್ಲಿ ವಿಭೂತಿ ತೆಗೆದು ಬಲವಾಗಿ ಎಳೆದ. ಮೂರು ದಪ್ಪ ಗೆರೆ. "ನಿಮ್ ಹಡಗು ಬೇಗ ಹೊಂಟ್ರೆ ಸಾಕಮ್ಮ, ನಂಗೆ ಒಲ ಬುಟ್ಕೊಟ್ರೆ ಸಾಕು."

ಮಂಗಳಮ್ಮ ಒದ್ದೆ ಬಟ್ಟೆಯಿಂದ ಟಗರಿನ ಹಣೆ ಒರೆಸಿದಳು. ಒರೆಸುವಾಗ ಕೊಂಬಿಗೆ ಸಿಗದಷ್ಟು ದೂರ ನಿಂತು ಕೈ ಚಾಚಿದ್ದನ್ನು ಯಾರೂ ನೋಡಲಿಲ್ಲ ಎಂದುಕೊಂಡಳು. ಬಂಗಾರಮ್ಮ ಬಂದಳು. ಮೂರು ತೆಳು ಗೆರೆ, ಕೊನೆಗೆ ಕೆನ್ನೆಗೊಂದು ಸವರಿಕೆ. "ನನ್ ಕಂದ, ನೀರಿನ್ ಮ್ಯಾಲೆ ಉಷಾರು," ಎಂದು ಕಣ್ಣೊರೆಸಿಕೊಂಡಳು.

ಮಂಗಳಮ್ಮ ಮತ್ತೆ ಒರೆಸಿದಳು. "ಬಾಪ್ಪ ಚನ್ನಬಸವ."

ಚನ್ನಬಸವ ಬಾಗಿಲ ಬಳಿಯಿಂದ ಅಲ್ಲಾಡಲಿಲ್ಲ. "ನಾನ್ಯಾಕೆ? ಅಪ್ಪ ಅವ್ವ ಹಚ್ಚಿದ್ರಲ್ಲ."

"ಹಚ್ಲಾ, ಕೇಳ್ತಾವ್ರೆ," ಎಂದ ಅಪ್ಪ.

ಚನ್ನಬಸವ ಬಂದ. ಬಲಗೈಯನ್ನು ಬೆನ್ನ ಹಿಂದೆಯೇ ಇಟ್ಟುಕೊಂಡು ಎಡಗೈಯನ್ನು ವಿಭೂತಿಯ ಕಡೆ ಚಾಚಿದ.

ಬಂಗಾರಮ್ಮ ಆ ಎಡಗೈಗೆ ಫಟ್ಟೆಂದು ಒಂದು ಕೊಟ್ಟಳು. "ಯಾವ್ ಮನೇಲಿ ಉಟ್ಟಿದ್ದೀಯಲಾ? ಎಡಗೈಲಿ ವಿಭೂತಿ ಹಚ್ತಾರ? ಬಲಗೈ ತಗಿ."

"ಅವ್ವ..."

"ತಗಿ ಅಂದೆ."

ಬಲಗೈ ಹೊರಗೆ ಬಂತು. ನಡುಬೆರಳಿಗೆ ದಪ್ಪನೆಯ ಬಟ್ಟೆ ಸುತ್ತಿತ್ತು. ಹಲಗೆಗೆ ಪಟ್ಟಿ ಹೊಡೆಯುವಾಗ ಸುತ್ತಿಗೆ ಏಟು ಬಿದ್ದ ಬೆರಳು. ಅದನ್ನು ಮೇಲಕ್ಕೆತ್ತಿಕೊಂಡು ಉಳಿದೆರಡರಲ್ಲಿ ಅವನು ಟಗರಿನ ಹಣೆ ಸವರಿದ. ಎರಡು ಗೆರೆ, ಮಧ್ಯೆ ಬೆರಳಗಲ ಕಪ್ಪು.

ಬೀರಮ್ಮ ಹಣೆಯನ್ನು ನೋಡಿದಳು, ಬೆರಳನ್ನು ನೋಡಿದಳು, ಆಮೇಲೆ ಹುಡುಗನ ಮುಖವನ್ನು ನೋಡಿದಳು.

"ನೀನಾ ಚನ್ನಬಸವ?" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

"ಕದೀಲಿಲ್ಲ ಕಣ ಬೀರಕ್ಕ," ಎಂದು ಅವನು ಅಲ್ಲೇ ಕುಕ್ಕರಿಸಿದ. "ಮಡಿಕ್ಕೊಂಡಿವ್ನಿ ಅಷ್ಟೆ. ಇದು ತೆರಕಣಾಂಬಿ ಸಂತೇಲಿ ತಂದಿದ್ದು. ದೊರೆ ನಮ್ ಅರಿಶಿನ ಬೇಯ್ಸೋ ಕೊಟ್ಟಿಗೇಲಿ ಅವ್ನೆ. ಚೆನ್ನಾಗವ್ನೆ. ಬೆಲ್ಲ ಆಕ್ತಾ ಇವ್ನಿ."

"ಯಾಕ್ಲಾ?" ಎಂದು ಶಿವಮಲ್ಲಪ್ಪ ಹೆಗಲ ಮೇಲಿನ ಟವೆಲ್ಲನ್ನು ಕೈಗೆ ತೆಗೆದುಕೊಂಡ.

"ಈ ಸಲ ದೊರೆನೂ ಹಡಗಿಗೆ ಹತ್ತುಸ್ಬುಡ್ತಾರಂತೆ. ತಿರುಗಿ ಬರಲ್ವಂತೆ. ದ್ವೀಪದವ್ರಿಗೆ ಅವ್ನೇ ಬೇಕಂತೆ. ಹಡಗು ಹೊಂಟ್ಮೇಲೆ ಹೊರಕ್ ಬುಡು, ಅಲ್ಲಿಗಂಟ ಅಕ್ಕನ್ಗೂ ಯೋಳ್ಬ್ಯಾಡ, ಅತ್ತಾಳು ಅಂದ್ರು." ಚನ್ನಬಸವ ಮೂಗೊರೆಸಿಕೊಂಡ. "ನಂಗೂ ಅಳು ಬಂದ್ಬುಡ್ತು."

ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗು ಅಂಗಳಕ್ಕೆಲ್ಲ ಹರಡಿತು. ಶಿವಮಲ್ಲಪ್ಪನ ಟವೆಲ್ಲು ಮತ್ತೆ ಹೆಗಲಿಗೆ ಹೋಯಿತು. ಮಂಗಳಮ್ಮನೂ ಹೊಟ್ಟೆ ಕುಲುಕಿಸಿ ನಕ್ಕಳು. ಕಳ್ಳ ಸಿಕ್ಕ, ಮಾಲು ಸಿಕ್ಕಿತು, ಊಟವೂ ಆಯಿತು. ಇಂಥ ಕೇಸು ಸರ್ವಿಸಿನಲ್ಲಿದ್ದಾಗ ಒಂದಾದರೂ ಬಂದಿತ್ತೇ ಎಂದುಕೊಂಡಳು.

ಬೀರಮ್ಮ ಮಾತ್ರ ನಗಲಿಲ್ಲ. "ಇಂಗೆ ನಿಂಗೆ ಯೋಳಿದ್ಯಾರು?"

"ಇನ್ಯಾರು? ಜಡೆಸ್ವಾಮಣ್ಣ. ಫೋನ್ ಮಾಡಿದ್ರು. ಎಲ್ಲಿ ಮಡಗಿದ್ದೀಯಾ ಅಂತ ನಿನ್ನೇನೂ ಕೇಳಿದ್ರು."

"ನನ್ ತಮ್ಮನಾ?" ಬೀರಮ್ಮ ಎದ್ದು ನಿಂತಳು. "ದೊರೆ ಹಡಗಿನ ಬಾಯಿಗಂಟ ಓಗಿ ತಿರುಗಿ ಬತ್ತಾನೆ ಅಂತ ನಂಗೆ ಯೋಳ್ಕೊಟ್ಟೋನೇ ಅವ್ನು. ಅಂಗೆ ಕಲಿಸಿದ್ದೂ ಅವ್ನೇ. ಬರಲ್ಲ ಅಂತ ಅವ್ನು ಯಾಕಂದಾನು?"

ಮಂಗಳಮ್ಮನ ನಗು ಅರ್ಧಕ್ಕೇ ನಿಂತಿತು. ಜಗುಲಿಯಿಂದ ಕೆಳಗಿಳಿದಳು.

"ಕೊಟ್ಟಿಗೆ ತೋರ್ಸು, ನಡಿ," ಎಂದಳು.

ಅರಿಶಿನ ಬೇಯಿಸುವ ಕೊಟ್ಟಿಗೆ ಮನೆಯ ಹಿಂದಿನ ದಿಬ್ಬದ ಮೇಲಿತ್ತು. ಎಲ್ಲರೂ ಹತ್ತಿದರು. ಮಂಗಳಮ್ಮ ಮಂಡಿ ಹಿಡಿದುಕೊಂಡು ಕೊನೆಯವಳಾಗಿ ಬಂದಳು. ಚನ್ನಬಸವ ಬಾಗಿಲು ತಳ್ಳಿ ನಿಂತವನು ಒಳಗೆ ಕಾಲಿಡಲೇ ಇಲ್ಲ.

ಗೂಟವಿತ್ತು. ಹಸಿಹುಲ್ಲಿತ್ತು. ನೀರಿನ ಬೋಗುಣಿ ಇನ್ನೂ ಅರ್ಧ ತುಂಬಿತ್ತು. ದೊರೆ ಇರಲಿಲ್ಲ.

ಹಗ್ಗ ಕಿತ್ತುಹೋಗಿರಲಿಲ್ಲ. ಯಾರೋ ಸಮಾಧಾನವಾಗಿ ಗಂಟು ಬಿಚ್ಚಿದ್ದರು. ಬಾಗಿಲ ಬಳಿ ನೆಲದಲ್ಲಿ ಬೆಲ್ಲದ ಪುಡಿ ಬಿದ್ದಿತ್ತು. ಇರುವೆ ಇನ್ನೂ ಮುತ್ತಿರಲಿಲ್ಲ. ಮಂಗಳಮ್ಮ ಬಗ್ಗಿ ಆ ಪುಡಿಯನ್ನು ನೋಡುತ್ತಿದ್ದಾಗ, ಊಟಕ್ಕೆ ಮುಂಚೆ ಫೋನಿನಲ್ಲಿ ಕೇಳಿದ ಆ ಹಡಗಿನ ಕೂಗು ಅವಳ ಕಿವಿಯಲ್ಲಿ ಮತ್ತೆ ಕೇಳಿಸಿತು. ಪೋಂ... ಸ್ವಲ್ಪ ಬಿಟ್ಟು ಪೋಂ...

ಅವಳು ಸಮುದ್ರ ಕಂಡವಳಲ್ಲ. ಆದರೆ ಕೆಳಗಿನ ಬಯಲಿನಿಂದ ಇತ್ತ ಹತ್ತಿಬರುವ ದಿಂಬಂ ಘಾಟಿಯನ್ನು ಎಷ್ಟು ಸಲ ಹತ್ತಿ ಇಳಿದಿದ್ದಳೋ ಲೆಕ್ಕವಿಲ್ಲ. ಒಂದೊಂದು ತಿರುವಿಗೂ ಲಾರಿಯವರು ಎದುರು ಗಾಡಿಗೆ ಕೇಳಿಸಲೆಂದು ಉದ್ದಕ್ಕೆ ಹಾರನ್ ಹೊಡೆಯುತ್ತಾರೆ. ಸ್ವಲ್ಪ ಹೊತ್ತು. ಮತ್ತೊಂದು ತಿರುವು. ಮತ್ತೊಂದು ಹಾರನ್. ಹಾಸನೂರಿನ ಕಡೆಯ ಯಾವ ಮಗುವಾದರೂ ನಿದ್ದೆಗಣ್ಣಿನಲ್ಲಿ ಗುರುತಿಸುವ ಆ ಸದ್ದನ್ನು ಏಟ್ಟಮ್ಮ ಹಡಗೆಂದುಕೊಂಡು ಬಾಯಿಬಿಟ್ಟು ಕೇಳಿದ್ದಳು.

"ಅಯ್ಯೋ ನನ್ ಬುದ್ಧಿಗಿಷ್ಟು," ಎಂದಳು. "ಅವ್ನು ತೂತುಕುಡೀಲಿಲ್ಲ ಬೀರಮ್ಮ. ಫೋನ್ ಮಾಡ್ದಾಗ್ಲೇ ಘಾಟಿ ಹತ್ತುತಿದ್ದ, ಲಾರೀಲಿ."

ಅಷ್ಟರಲ್ಲಿ ಕೆಳಗಿನ ಹೊಲದ ಕಡೆಯಿಂದ ಸದ್ದೊಂದು ಗಾಳಿಯಲ್ಲಿ ತೇಲಿಬಂತು. ನಾಲಿಗೆಯ ಸದ್ದು. ಟ್ಲಕ್, ಟ್ಲಕ್.

ಬೀರಮ್ಮ ಕೈಯಿಂದ ಬಾಯಿ ಮುಚ್ಚಿಕೊಂಡಳು.

ದಿಬ್ಬದ ಅಂಚಿನಿಂದ ಹಡಗು ಪೂರ್ತಿ ಕಾಣುತ್ತಿತ್ತು. ಅಟ್ಟದ ಆಚೆ ಬದಿಗೆ ಒಂದು ಲಾರಿ ಹಿಂಬದಿ ತಾಗಿಸಿ ನಿಂತಿತ್ತು; ರಸ್ತೆಯ ಗಾಡಿಗಳ ನಡುವೆ ಅದರ ಸದ್ದಿಗೆ ಯಾರೂ ಕಿವಿಗೊಟ್ಟಿರಲಿಲ್ಲ. ಅದರ ಹಲಗೆಬಾಗಿಲು ಅಟ್ಟದ ಮಟ್ಟಕ್ಕೆ ಬಿಚ್ಚಿತ್ತು. ದೊಡ್ಡಿಯ ಬಾಗಿಲು ತೆರೆದಿತ್ತು. ಹಲಗೆದಾರಿಯ ಮೇಲೆ ಎಲ್ಲಕ್ಕಿಂತ ಮುಂದೆ, ತಲೆಯೆತ್ತಿಕೊಂಡು, ದೊರೆ. ಹಿಂದೆ ಒಂದರ ಹಿಂದೊಂದಾಗಿ ಸಂಘದ ಕುರಿಗಳು.

ಕೋಲಿರಲಿಲ್ಲ, ಕೂಗಿರಲಿಲ್ಲ. ಒಂದು ಕುರಿಯೂ ಎಡವಲಿಲ್ಲ. ಒಂದೂ ಅರಚಲಿಲ್ಲ. ಅರಚಿದ್ದರೆ ಅಂಗಳದಲ್ಲಿ ಕೂತಿದ್ದ ಇಷ್ಟು ಜನಕ್ಕೆ ಕೇಳಿಸದೆ ಇರುತ್ತಿರಲಿಲ್ಲ. ಬೀರಮ್ಮ ತಿಂಗಳುಗಟ್ಟಲೆ ಕಲಿಸಿದ್ದು ಕಣ್ಣೆದುರಿಗೆ ಅಷ್ಟು ಚೆಂದವಾಗಿ ನಡೆಯುತ್ತಿತ್ತು. ಒಂದು ಕ್ಷಣ ಅವಳ ಮುಖ ಅರಳಿಯೇ ಹೋಯಿತು.

"ನೋಡಕ್ಕ," ಎಂದಳು, "ನಡ್ಕೊಂಡೇ ಓಯ್ತಾ ಅವೆ." ಹೇಳಿದ ಮೇಲೆ ಅವಳಿಗೆ ಅರ್ಥವಾಯಿತು.

ಎಲ್ಲರೂ ಒಟ್ಟಿಗೇ ಓಡಿದರು. ಚನ್ನಬಸವ ಮುಂದೆ, ಹೆಂಗಸರು ಹಿಂದೆ, ಶಿವಮಲ್ಲಪ್ಪ ಪಂಚೆ ಎತ್ತಿಕಟ್ಟಿಕೊಂಡು ಯಾರನ್ನೋ ಬೈಯುತ್ತ. ತನ್ನ ತಂತ್ರಕ್ಕೆಂದು ತಾನೇ ಕಾವಲಿನವರನ್ನೆಲ್ಲ ಊಟಕ್ಕೆ ಕೂರಿಸಿದೆನಲ್ಲ ಎಂದು ಮಂಗಳಮ್ಮ ದಾರಿಯುದ್ದಕ್ಕೂ ತನಗೇ ಉಗಿದುಕೊಂಡಳು. ಅವರು ಹೊಲದ ನಡುವೆ ಬರುವಷ್ಟರಲ್ಲಿ ಲಾರಿಯ ಬಾಗಿಲು ಮುಚ್ಚಿತ್ತು. ಹೊತ್ತು ಮುಳುಗಿದರೆ ಘಾಟಿಯಲ್ಲಿ ಲಾರಿ ಬಿಡುವುದಿಲ್ಲವೆಂದು ಗೊತ್ತಿದ್ದವನ ಹಾಗೆ, ಅದು ಧೂಳೆಬ್ಬಿಸಿಕೊಂಡು ರಸ್ತೆ ಹಿಡಿದುಹೋಯಿತು.

ಧೂಳು ಇಳಿದಾಗ ಹಲಗೆದಾರಿಯ ಮೇಲಿನಿಂದ ದೊರೆ ಒಬ್ಬನೇ ನಿಧಾನವಾಗಿ ಇಳಿದುಬರುತ್ತಿದ್ದ. ಬಾಯಲ್ಲಿ ಬೆಲ್ಲ. ಕಲಿಸಿದ ಹಾಗೆಯೇ ನೆಟ್ಟಗೆ ಬೀರಮ್ಮನ ಬಳಿ ಬಂದು ಅವಳ ಸೀರೆಗೆ ತಲೆ ಉಜ್ಜಿದ. ಅವಳು ಅವನ ಕೊರಳು ತಬ್ಬಿಕೊಂಡು ನೆಲಕ್ಕೆ ಕುಸಿದಳು.

"ಆ ಸದ್ದು ಬಲ್ಲೋರು ಇಬ್ರೇ ಏಟ್ಟಮ್ಮ. ನಾನೊಬ್ಳು." ಇನ್ನೊಬ್ಬನ ಹೆಸರು ಅವಳ ಬಾಯಿಂದ ಹೊರಡಲಿಲ್ಲ. "ಅವ್ನು ಕಳ್ಳ ಅಲ್ಲ. ಕುರಿ ಕಾಲು ಮುರಿದ್ರೆ ಅಳೋ ಜಾತಿ ಅವ್ನು."

ಮಂಗಳಮ್ಮ ಉತ್ತರಿಸುವ ಮೊದಲೇ ಬೀರಮ್ಮನ ಫೋನು ಹೊಡೆದುಕೊಂಡಿತು. ಅವಳು ದೊರೆಯ ಕೊರಳು ಬಿಡಲಿಲ್ಲ. ಮಂಗಳಮ್ಮ ಫೋನು ತೆಗೆದುಕೊಂಡು ಸ್ಪೀಕರಿಗೆ ಹಾಕಿದಳು. ಲಾರಿಯ ಗಡಗಡ. ಅದರ ನಡುವೆ ಜಡೆಸ್ವಾಮಿಯ ದನಿ, ಏದುಸಿರು.

"ಅಕ್ಕ, ದೊರೆ ತಿರುಗಿ ಬಂದ್ನಾ?"

"ಬಂದ ಕಣ್ಲಾ," ಎಂದಳು ಬೀರಮ್ಮ.

"ಸದ್ಯ. ಕುರಿಗೊಳ್ನ ಹುಡುಕ್ಬ್ಯಾಡಕ್ಕ, ನನ್ ತಾವ ಅವೆ. ನಾಳೆ ಒಬ್ಬ ಬತ್ತಾನಲ್ಲ ನೋಡೋಕೆ, ಅವ್ನು ದ್ವೀಪದವ್ರ ಇನ್‌ಸ್ಪೆಕ್ಟ್ರಲ್ಲ. ಆ ವಿಡಿಯೋದಲ್ಲಿ ಕೊಂಡಿ ಹಿಡ್ಕೊಂಡಿದ್ನಲ್ಲ, ಅವ್ನೇ. ನಾಳೆ ಅಂತ ನಿಂಗೆ ಯೋಳವ್ನೆ. ಕುರಿಗೊಳ್ನ ಎತ್ತಾಕ್ಕೊಂಡೋಗೋಕೆ ಇವತ್ತೇ ಹೊಂಟವ್ನೆ. ಅದ್ಕೇ ದೊರೆನ ಮಡಗ್ಸಿದ್ದು."

ತಾಳವಾಡಿ ಕಡೆಯ ರಸ್ತೆಯಲ್ಲಿ ಬಿಳಿಯ ಜೀಪೊಂದು ವೇಗ ತಗ್ಗಿಸಿ, ಶಿವಮಲ್ಲಪ್ಪನ ಹೊಲದ ಕಡೆ ತಿರುಗಿತು.